ಪರದೆ ಬರೆದವರ ಹೆಸರು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬೇಕೆಂದು ಗುರುಗಳು ಫೋನ್ ಮಾಡಿದ್ದರು. "ಕಂಪ್ಯೂಟರ್ ಬಗ್ಗೆ ಬರಿ ತಮ್ಮಾ, ಹುಡುಗರಿಗೆ ಉಪಯೋಗ ಆಗ್ತದ" ಎಂದರು. "ಆಯ್ತ್ರಿ ಸರ್" ಎಂದೆ. ಆದರೆ ಬರೆಯಲು ಕುಳಿತಾಗ ನೆನಪಾದದ್ದು ಕಂಪ್ಯೂಟರ್ ಅಲ್ಲ, ಒಂದು ಪರದೆ. ಆ ಪರದೆಯ ಸಾಲ ನನ್ನ ಮೇಲೆ ಇಪ್ಪತ್ತು ವರ್ಷಗಳಿಂದ ಇದೆ. ಆದ್ದರಿಂದ ಗುರುಗಳ ಕ್ಷಮೆ ಕೇಳಿ, ಕಥಾಚಿತ್ರಗಳ ಕಲಾ ನಿರ್ದೇಶನಕ್ಕೆ ಮನ್ನಣೆ ಸಿಕ್ಕ ಇತಿಹಾಸವನ್ನು ಬರೆಯುತ್ತಿದ್ದೇನೆ. ಗೋರ್ಟಾಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರು ಸ್ವಲ್ಪ ತಾಳ್ಮೆಯಿಂದ ಓದಬೇಕು.

ನಾನು ಒಂಬತ್ತನೆಯ ತರಗತಿಯಲ್ಲಿದ್ದ ವರ್ಷ ಗ್ಯಾದರಿಂಗ್‌ನಲ್ಲಿ ಕಲ್ಯಾಣದ ಶರಣರ ನಾಟಕ ಆಡಿದೆವು. ನಾಟಕಕ್ಕೆ ಹಿಂದಿನ ಪರದೆ ಬೇಕಾಗಿತ್ತು. ನನ್ನ ಗೆಳೆಯನೊಬ್ಬ ಖಾಲಿ ಗೊಬ್ಬರದ ಚೀಲಗಳನ್ನು ಬಿಚ್ಚಿ, ತೊಳೆದು, ಅವರ ಮನೆಯ ಹೊಲಿಗೆ ಮಷೀನಿನಲ್ಲಿ ಒಂದಕ್ಕೊಂದು ಜೋಡಿಸಿ ಹೊಲಿಸಿಕೊಂಡು ಬಂದ. ಅದರ ಮೇಲೆ ಸುಣ್ಣ ಬಳಿದು, ಇದ್ದಲು, ಕೆಮ್ಮಣ್ಣು ಮತ್ತು ಬಟ್ಟೆಗೆ ಹಾಕುವ ನೀಲಿಯಿಂದ ಚಿತ್ರ ಬರೆದ. ಒಂದು ಕಡೆ ಬಿಜ್ಜಳನ ಅರಮನೆ, ಇನ್ನೊಂದು ಕಡೆ ಬಸವಣ್ಣನವರ ಮಹಾಮನೆ. ಅರಮನೆಯ ಬಾಗಿಲು ಹೇಗಿರಬೇಕೆಂದು ನೋಡಲು ಒಂದು ಭಾನುವಾರ ಬಸ್ಸು ಹತ್ತಿ ಬಸವಕಲ್ಯಾಣದ ಕೋಟೆಗೆ ಹೋಗಿ ಬಂದಿದ್ದ. ಮಹಾಮನೆಗೆ ಮಾತ್ರ ಎಲ್ಲೂ ಹೋಗಲಿಲ್ಲ. ನಮ್ಮೂರಿನ ಒಂದು ಹಳೆಯ ವಾಡೆಯನ್ನೇ ಬರೆದ: ಮಾಳಿಗೆ, ಕಟ್ಟೆ, ದೀಪದ ಗೂಡು ಎಲ್ಲ ಇದ್ದವು. ಪರದೆ ಎತ್ತಿದ ಕೂಡಲೇ ಮುಂದೆ ಕುಳಿತಿದ್ದ ಒಬ್ಬ ಹಿರಿಯರು, "ಅರೇ, ಇದು ನಮ್ಮ ಓಣಿ ಬಾಗಲ ಅದ ನೋಡ್ರಿ!" ಎಂದು ಕೂಗಿದರು. ನಾಟಕದ ಮೊದಲ ಚಪ್ಪಾಳೆ ಬಿದ್ದದ್ದು ಆಗಲೇ, ಯಾರೂ ಇನ್ನೂ ಮಾತು ಆರಂಭಿಸಿರಲಿಲ್ಲ.

ನನ್ನ ಅಕ್ಷರ ದುಂಡಗಿದ್ದ ಕಾರಣ ಬಹುಮಾನದ ಪಟ್ಟಿ ಬರೆಯುವ ಕೆಲಸ ನನ್ನದಾಗಿತ್ತು. ಪಾತ್ರ ಮಾಡಿದವರು, ಹಾಡಿದವರು, ಕೋಲಾಟದವರು ಎಂದು ಒಂದೊಂದೇ ಸಾಲು ಹಾಕಿದೆ. ಮೈಕಿನಲ್ಲಿ ಓದಿದವನೂ ನಾನೇ. ಪರದೆ ಬರೆದವನ ಹೆಸರು ಅದರಲ್ಲಿ ಇರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಅಂಥ ಒಂದು ಸಾಲು ಪಟ್ಟಿಯಲ್ಲಿ ಇರಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಅವನು ಪರದೆಯ ಹಗ್ಗ ಬಿಚ್ಚುತ್ತ ನಿಂತಿದ್ದ. ನನ್ನ ಕೈಗೆ ಸ್ಟೀಲಿನ ಲೋಟ ಬಂದಿತ್ತು.

ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದ ಮೇಲೆ ಸಿನಿಮಾ ನೋಡುವ ಹುಚ್ಚು ಹೆಚ್ಚಾಯಿತು. ಚಿತ್ರ ಮುಗಿದ ಮೇಲೆ ಹೆಸರುಗಳು ಓಡುವಾಗ ಎದ್ದು ಹೋಗದೆ ಕೂರುವ ಅಭ್ಯಾಸವೂ ಬೆಳೆಯಿತು. ಅಲ್ಲಿ 'ಕಲಾ ನಿರ್ದೇಶನ' ಎಂಬ ಸಾಲು ಕಂಡಾಗಲೆಲ್ಲ ಆ ಚೀಲದ ಪರದೆ ಕಣ್ಣ ಮುಂದೆ ಬರುತ್ತಿತ್ತು. ಹಾಗೆ ಹುಡುಕುತ್ತ ಹೋದಾಗ ತಿಳಿದದ್ದು ಇಷ್ಟು: ನಾನು ಮಾಡಿದ ತಪ್ಪನ್ನು ದೊಡ್ಡವರೂ ಬಹಳ ವರ್ಷ ಮಾಡಿದ್ದಾರೆ.

ಮೊದಲು, ಕಲಾ ನಿರ್ದೇಶಕ ಮಾಡುವ ಕೆಲಸ ಏನು ಎಂಬುದನ್ನು ಹೇಳಬೇಕು. ಕಥೆಗಾರ 'ಒಬ್ಬ ಬಡ ರೈತನ ಮನೆ' ಎಂದು ಬರೆದು ಮುಗಿಸುತ್ತಾನೆ. ಆ ಮನೆಯ ಗೋಡೆ ಕಲ್ಲಿನದೋ ಮಣ್ಣಿನದೋ, ಒಲೆಯ ಹೊಗೆ ಎಲ್ಲಿಯವರೆಗೆ ಹತ್ತಿದೆ, ಹೊಸ್ತಿಲು ಎಷ್ಟು ಸವೆದಿದೆ, ಗೋಡೆಗೆ ಯಾವ ವರ್ಷದ ಕ್ಯಾಲೆಂಡರ್ ಎಂಬುದನ್ನೆಲ್ಲ ನಿರ್ಧರಿಸುವವನು ಕಲಾ ನಿರ್ದೇಶಕ. ಇಡೀ ಚಿತ್ರದ ಬಣ್ಣ, ಜಾಗ, ವಸ್ತುಗಳನ್ನು ಒಟ್ಟಾಗಿ ಯೋಚಿಸುವವನಿಗೆ ಈಗ 'ಪ್ರೊಡಕ್ಷನ್ ಡಿಸೈನರ್' ಎನ್ನುತ್ತಾರೆ. ಕೆಲಸ ಚೆನ್ನಾಗಿ ಆದರೆ ನೋಡುವವನಿಗೆ ಅದು ಕೆಲಸ ಎಂದೇ ಅನಿಸುವುದಿಲ್ಲ, ಆ ಮನೆ ಮೊದಲಿನಿಂದಲೂ ಅಲ್ಲೇ ಇತ್ತು ಎನಿಸುತ್ತದೆ. ನಮ್ಮ ಸಾಫ್ಟ್‌ವೇರ್ ಕೆಲಸವೂ ಹಾಗೇ. ಏನಾದರೂ ಕೆಟ್ಟಾಗ ಮಾತ್ರ ನಮ್ಮ ಹೆಸರು ನೆನಪಾಗುತ್ತದೆ.

ಅಮೆರಿಕದವರು ಈ ವಿಷಯದಲ್ಲಿ ಬೇಗ ಎಚ್ಚೆತ್ತರು ಎನ್ನಬೇಕು. 1929ರ ಮೇ 16ರಂದು ಮೊದಲ ಆಸ್ಕರ್ ಪ್ರಶಸ್ತಿಗಳನ್ನು ಕೊಟ್ಟಾಗಲೇ ಕಲಾ ನಿರ್ದೇಶನಕ್ಕೆ ಒಂದು ಪ್ರಶಸ್ತಿ ಇತ್ತು. ಅದು ಸಿಕ್ಕಿದ್ದು ವಿಲಿಯಂ ಕ್ಯಾಮರೂನ್ ಮೆಂಜೀಸ್ ಎಂಬವರಿಗೆ. ಹತ್ತು ವರ್ಷದ ನಂತರ 'ಗಾನ್ ವಿತ್ ದಿ ವಿಂಡ್' ಚಿತ್ರಕ್ಕೆ ಕೆಲಸ ಮಾಡಿದಾಗ, ಇವರ ಕೆಲಸ ಬರೀ ಸೆಟ್ ಹಾಕಿಸುವುದಲ್ಲ ಎಂದು ನಿರ್ಮಾಪಕ ಸೆಲ್ಜ್‌ನಿಕ್ ಇವರಿಗೆ 'ಪ್ರೊಡಕ್ಷನ್ ಡಿಸೈನರ್' ಎಂಬ ಹೊಸ ಹೆಸರು ಕೊಟ್ಟರು. ಆ ಚಿತ್ರದಲ್ಲಿ ಅಟ್ಲಾಂಟಾ ನಗರ ಉರಿಯುವ ದೃಶ್ಯಕ್ಕೆ ಸ್ಟುಡಿಯೊದಲ್ಲಿ ಬಿದ್ದಿದ್ದ ಹಳೆಯ ಸೆಟ್‌ಗಳಿಗೇ ಬೆಂಕಿ ಹಚ್ಚಿದರಂತೆ. ಜಾಗವೂ ಖಾಲಿ ಆಯಿತು, ದೃಶ್ಯವೂ ಸಿಕ್ಕಿತು! ಆದರೆ ಆ ಚಿತ್ರದ ಕಲಾ ನಿರ್ದೇಶನದ ಆಸ್ಕರ್ ಹೋದದ್ದು ಲೈಲ್ ವೀಲರ್ ಅವರಿಗೆ. ಯಾರಿಗಾಗಿ ಆ ಹೊಸ ಪದವಿಯ ಹೆಸರು ಹುಟ್ಟಿತೋ ಆ ಮೆಂಜೀಸ್ ಅವರಿಗೆ ಬಣ್ಣದ ಬಳಕೆಗೆಂದು ಬೇರೆಯಾಗಿ ಒಂದು ಗೌರವ ಪ್ರಶಸ್ತಿ ಕೊಟ್ಟು ಸಮಾಧಾನ ಮಾಡಿದರು. ಆಸ್ಕರ್‌ನವರು ತಮ್ಮ ಪ್ರಶಸ್ತಿಯ ಹೆಸರನ್ನು 'ಪ್ರೊಡಕ್ಷನ್ ಡಿಸೈನ್' ಎಂದು ಬದಲಿಸಿದ್ದು 2012ರಲ್ಲಿ. ಒಂದು ಹೆಸರು ಪಟ್ಟಿಯೊಳಗೆ ಬರಲು ಎಪ್ಪತ್ತು ವರ್ಷ ಹಿಡಿಯಿತು.

ನಮ್ಮ ದೇಶದಲ್ಲಿ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು 1954ರಲ್ಲಿ ಆರಂಭವಾದವು. ಆಗ ಬಹುಮಾನ ಇದ್ದದ್ದು ಚಿತ್ರಗಳಿಗೆ ಮಾತ್ರ. ನಟರು, ಛಾಯಾಗ್ರಾಹಕರು, ಸಂಗೀತಗಾರರಿಗೆ ಬೇರೆ ಬೇರೆ ಸಾಲುಗಳು 1960ರ ದಶಕದ ಕೊನೆಗೆ ಬಂದವು. ಕಲಾ ನಿರ್ದೇಶನದ ಸಾಲು ಅದಕ್ಕೂ ಹತ್ತು ವರ್ಷ ತಡವಾಗಿ, 1970ರ ದಶಕದ ಕೊನೆಗೆ ಸೇರಿತು. ಈ ನಡುವೆ ಕೈಬಿಟ್ಟುಹೋದವರಲ್ಲಿ ಇಬ್ಬರನ್ನು ಇಲ್ಲಿ ನೆನೆಯಲೇಬೇಕು.

ಒಬ್ಬರು ಬನ್ಸಿ ಚಂದ್ರಗುಪ್ತ. ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ'ಯ ಮುರುಕು ಮನೆಯನ್ನು ನಮ್ಮ ಕಣ್ಣಿಗೆ ಕಟ್ಟಿಕೊಟ್ಟವರು. ಮುಂದಿನ ಚಿತ್ರ 'ಅಪರಾಜಿತೊ'ಗೆ ಕಾಶಿಯ ಮನೆಯನ್ನು ಕಲಕತ್ತೆಯ ಸ್ಟುಡಿಯೊದೊಳಗೆ ಕಟ್ಟಿದರು. ಅಂಗಳದ ಬೆಳಕು ನೋಡಿ ಅದು ನಿಜವಾದ ಕಾಶಿ ಎಂದೇ ಜನ ನಂಬಿದರು. 'ಪಥೇರ್ ಪಾಂಚಾಲಿ'ಗೆ ದೇಶದ ಅತ್ಯುತ್ತಮ ಚಿತ್ರ ಎಂಬ ಪ್ರಶಸ್ತಿ ಬಂತು, ಆದರೆ ಕಲಾ ನಿರ್ದೇಶಕರ ಹೆಸರು ಕರೆಯಲು ಪಟ್ಟಿಯಲ್ಲಿ ಸಾಲು ಇರಲಿಲ್ಲ. ಚಂದ್ರಗುಪ್ತ 1981ರಲ್ಲಿ ತೀರಿಕೊಂಡರು. ಈಗ ಇತಿಹಾಸದ ಆಟ ನೋಡಿ: 'ಪಥೇರ್ ಪಾಂಚಾಲಿ' ತಯಾರಾದ ಕಥೆಯನ್ನೇ ಹೇಳುವ 'ಅಪರಾಜಿತೊ' ಎಂಬ ಹೆಸರಿನ ಹೊಸ ಬಂಗಾಳಿ ಚಿತ್ರ 2022ರಲ್ಲಿ ಬಂತು. ಆ ವರ್ಷದ ನಿರ್ಮಾಣ ವಿನ್ಯಾಸದ ರಾಷ್ಟ್ರಪ್ರಶಸ್ತಿ ಆ ಚಿತ್ರದ ಆನಂದ ಆಢ್ಯ ಅವರಿಗೆ ಸಿಕ್ಕಿತು. ಚಂದ್ರಗುಪ್ತರು ಕಟ್ಟಿದ ಲೋಕವನ್ನು ಮರುಕಟ್ಟಿದವರಿಗೆ ಪ್ರಶಸ್ತಿ ಬಂತು. ಅದರಲ್ಲಿ ತಪ್ಪೇನಿಲ್ಲ. ಆದರೆ ಮೂಲದವರಿಗೆ ಅದು ಬರಲೇ ಇಲ್ಲ.

ಇನ್ನೊಬ್ಬರು ನಮ್ಮವರೇ, ಕಲಾವಿದ ಎಸ್. ಜಿ. ವಾಸುದೇವ್. 1970ರ 'ಸಂಸ್ಕಾರ' ಚಿತ್ರ ದೇಶದ ಅತ್ಯುತ್ತಮ ಚಿತ್ರ ಎಂಬ ಗೌರವವನ್ನು ಮೊದಲ ಬಾರಿಗೆ ಕನ್ನಡಕ್ಕೆ ತಂದಿತು. ಅದರ ಕಲಾ ನಿರ್ದೇಶನ ವಾಸುದೇವ್ ಅವರದು. ಶೃಂಗೇರಿ ಕಡೆಯ ವೈಕುಂಠಪುರ ಎಂಬ ಹಳ್ಳಿಯನ್ನೇ ಅಗ್ರಹಾರವಾಗಿ ತೋರಿಸಿದರು. ಇದ್ದ ಊರನ್ನು ಇದ್ದ ಹಾಗೆ ಕಾಣಿಸುವುದಕ್ಕೂ ಕಲಾವಿದನ ಕಣ್ಣು ಬೇಕು ಎಂಬುದು ಬಹಳ ಜನರಿಗೆ ಹೊಳೆಯುವುದಿಲ್ಲ.

'ಶೋಲೆ'ಯನ್ನೂ ಇಲ್ಲಿ ಹೇಳದಿದ್ದರೆ ನಮ್ಮ ಕಾಕಾನಂಥವರು ಬೇಸರ ಮಾಡಿಕೊಂಡಾರು. ರಾಮನಗರದ ಬಂಡೆಗಳ ನಡುವೆ 'ರಾಮಗಢ' ಎಂಬ ಇಡೀ ಊರನ್ನೇ ಕಟ್ಟಿದವರು ಕಲಾ ನಿರ್ದೇಶಕ ರಾಮ್ ಯಡೇಕರ್. ನೀರಿನ ಟ್ಯಾಂಕು, ಗುಡಿ, ಮಸೀದಿ, ಠಾಕೂರನ ಮನೆ, ಏನಿಲ್ಲ ಅದರಲ್ಲಿ? ಆ ಚಿತ್ರಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ಸಿಕ್ಕದ್ದು ಒಂದೇ ಒಂದು, ಅದೂ ಸಂಕಲನಕ್ಕೆ. ಇಂದಿಗೂ ಜನ ರಾಮನಗರಕ್ಕೆ ಹೋಗಿ 'ಗಬ್ಬರ್ ಸಿಂಗ್ ಕೂತ ಬಂಡೆ' ಹುಡುಕುತ್ತಾರೆ. ಊರು ಕಟ್ಟಿದವರ ಹೆಸರು ಕೇಳಿದವರನ್ನು ನಾನು ಕಂಡಿಲ್ಲ.

ಅದೇ ಸೀಮೆಯಲ್ಲಿ ಇನ್ನೊಂದು ಸ್ವಾರಸ್ಯದ ಕೆಲಸ ನಡೆಯಿತು. ಡೇವಿಡ್ ಲೀನ್ 1984ರ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರಕ್ಕಾಗಿ ಬಿಹಾರದ ಬರಾಬರ್ ಗುಹೆಗಳನ್ನು ನೋಡಿದರು. ಕಥೆಯ ಮೂಲ ಅದೇ ಗುಹೆಗಳು. ಆದರೆ ಅವು ಅವರ ಕಣ್ಣಿಗೆ ಸಪ್ಪೆಯಾಗಿ ಕಂಡವು. ಕೊನೆಗೆ ಮಾಗಡಿ ಬಳಿಯ ಸಾವನದುರ್ಗ ಮತ್ತು ರಾಮದೇವರಬೆಟ್ಟವನ್ನು ಆರಿಸಿಕೊಂಡು, ಬಂಡೆಯಲ್ಲಿ ಗುಹೆಯ ಬಾಯಿಗಳನ್ನು ಕೊರೆಸಿದರು. ಕರ್ನಾಟಕದ ಬಂಡೆ ಬಿಹಾರದ ಗುಹೆಯಾಯಿತು. ಜಾನ್ ಬಾಕ್ಸ್ ಮತ್ತು ಸಂಗಡಿಗರ ಈ ಕೆಲಸ ಕಲಾ ನಿರ್ದೇಶನದ ಆಸ್ಕರ್‌ಗೆ ನಾಮಕರಣಗೊಂಡಿತು, ಪ್ರಶಸ್ತಿ ಮಾತ್ರ 'ಅಮೇಡಿಯಸ್'ಗೆ ಹೋಯಿತು. ಅದಕ್ಕೆ ಎರಡು ವರ್ಷ ಮೊದಲು 'ಗಾಂಧಿ' ಚಿತ್ರಕ್ಕೆ ಅದೇ ಆಸ್ಕರ್ ಬಂದಿತ್ತು. ಭಾನು ಅಥಯ್ಯಾ ಅವರಿಗೆ ವಸ್ತ್ರವಿನ್ಯಾಸದ ಆಸ್ಕರ್ ಬಂದದ್ದು ನಾವು ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಓದಿದ್ದೇವೆ. ಅದೇ ಸಂಜೆ ಕಲಾ ನಿರ್ದೇಶನದ ಪ್ರಶಸ್ತಿ ಸ್ಟುವರ್ಟ್ ಕ್ರೇಗ್ ಮತ್ತು ಅವರ ಸಂಗಡಿಗರಿಗೆ ಸಿಕ್ಕಿತ್ತು.

ಇನ್ನು ರಾಷ್ಟ್ರಪ್ರಶಸ್ತಿಯ ಸಾಲು ತೆರೆದ ಮೇಲೆ ಏನಾಯಿತು? 1980ರ ಗುಜರಾತಿ ಚಿತ್ರ 'ಭವನಿ ಭವಾಯಿ'ಗೆ ಮೀರಾ ಲಾಖಿಯಾ, 1981ರ 'ಉಮ್ರಾವ್ ಜಾನ್'ಗೆ ಮಂಜೂರ್ ಪಡೆದರು. ಕನ್ನಡ ಚಿತ್ರವೊಂದಕ್ಕೆ ಈ ಗೌರವ ತಂದುಕೊಟ್ಟವರು ಪಿ. ಕೃಷ್ಣಮೂರ್ತಿ. ತಮಿಳುನಾಡಿನ ಪೂಂಪುಹಾರ್‌ನವರು, ಮದ್ರಾಸಿನ ಕಲಾ ಶಾಲೆಯಲ್ಲಿ ಕಲಿತವರು. ಅವರನ್ನು ಸಿನಿಮಾಕ್ಕೆ ತಂದವರು ನಮ್ಮ ಜಿ. ವಿ. ಅಯ್ಯರ್, 1975ರ 'ಹಂಸಗೀತೆ'ಯ ಮೂಲಕ. ಮುಂದೆ ಅಯ್ಯರ್ ಸಂಸ್ಕೃತದಲ್ಲಿ ತೆಗೆದ 'ಆದಿ ಶಂಕರಾಚಾರ್ಯ'ಕ್ಕೂ ಇವರದೇ ಕಲೆ. 1983ರ ಆ ಚಿತ್ರ ಅತ್ಯುತ್ತಮ ಚಿತ್ರ, ಚಿತ್ರಕಥೆ, ಛಾಯಾಗ್ರಹಣ, ಧ್ವನಿಗ್ರಹಣ ಎಂದು ನಾಲ್ಕು ರಾಷ್ಟ್ರಪ್ರಶಸ್ತಿ ಬಾಚಿಕೊಂಡಿತು. ಕಲಾ ನಿರ್ದೇಶನದ್ದು ಮಾತ್ರ 'ಮಂಡಿ' ಚಿತ್ರದ ನಿತೀಶ್ ರಾಯ್ ಅವರಿಗೆ. ಮೂರು ವರ್ಷ ಕಳೆದು, 1986ರ ಕನ್ನಡ ಚಿತ್ರ 'ಮಧ್ವಾಚಾರ್ಯ'ಕ್ಕೆ ಕೃಷ್ಣಮೂರ್ತಿಯವರ ಹೆಸರು ಕರೆದರು. ನನಗೆ ಇದರಲ್ಲಿ ಇಷ್ಟವಾಗುವುದು ಏನೆಂದರೆ, ಅಯ್ಯರ್ ಅವರ ಚಿತ್ರಗಳು ದೊಡ್ಡ ಬಂಡವಾಳದವಲ್ಲ. ಹದಿಮೂರನೆಯ ಶತಮಾನವನ್ನು ತೋರಿಸಲು ಅಲ್ಲಿ ಚಿನ್ನದ ಕಂಬಗಳ ದರ್ಬಾರಿಲ್ಲ. ಕಲ್ಲು, ಮಣ್ಣು, ತಾಳೆಗರಿ, ಹತ್ತಿ ಬಟ್ಟೆ, ದೀಪದ ಬೆಳಕು, ಇಷ್ಟರಲ್ಲೇ ಕಾಲ ಕಾಣುತ್ತದೆ. ಕೃಷ್ಣಮೂರ್ತಿ ಮುಂದೆ ಮಲಯಾಳದ 'ಒರು ವಡಕ್ಕನ್ ವೀರಗಾಥಾ', ತಮಿಳಿನ 'ಭಾರತಿ' ಚಿತ್ರಗಳಿಗೂ ಇದೇ ಪ್ರಶಸ್ತಿ ಪಡೆದು, 2020ರಲ್ಲಿ ತೀರಿಕೊಂಡರು.

ಪ್ರಶಸ್ತಿ ಪಡೆದ ಚಿತ್ರಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ನೋಡಿದರೆ ಒಂದು ಒಲವು ಎದ್ದು ಕಾಣುತ್ತದೆ. ಅರಮನೆ, ಹಳೆಯ ಕಾಲ, ಭಾರಿ ಯಂತ್ರ ಇವು ಬೇಗ ಕಣ್ಣಿಗೆ ಬೀಳುತ್ತವೆ: 2010ರ 'ಎಂದಿರನ್', 2015ರ 'ಬಾಜಿರಾವ್ ಮಸ್ತಾನಿ', 2021ರ 'ಸರ್ದಾರ್ ಉಧಮ್' ಇದ್ದ ಹಾಗೆ. ಅದಕ್ಕೆ ಅಪವಾದಗಳೂ ಇವೆ. ತೋಟ ತರಣಿ ಅವರು 1987ರ 'ನಾಯಗನ್'ಗೆ ಮುಂಬೈಯ ಧಾರಾವಿ ಕೊಳೆಗೇರಿಯನ್ನು ಮದ್ರಾಸಿನ ಸ್ಟುಡಿಯೊದಲ್ಲಿ ಕಟ್ಟಿ ಪ್ರಶಸ್ತಿ ಪಡೆದರು. ಈಚೆಗೆ ಮಲಯಾಳಿಗಳು 2017ರ 'ಟೇಕ್ ಆಫ್', 2020ರ 'ಕಪ್ಪೇಳ', 2023ರ ಪ್ರವಾಹದ ಚಿತ್ರ '2018' ಎಂದು ಮೇಲಿಂದ ಮೇಲೆ ಪಡೆಯುತ್ತಿದ್ದಾರೆ. 'ಕಪ್ಪೇಳ' ಒಂದು ಸಾಧಾರಣ ಹಳ್ಳಿ ಹುಡುಗಿಯ ಕಥೆ, ಅರಮನೆಯ ಸುಳಿವೇ ಇಲ್ಲ. ಅದಕ್ಕೆ ಪ್ರಶಸ್ತಿ ಕೊಟ್ಟ ತೀರ್ಪುಗಾರರಿಗೆ ನಾನು ಮನಸ್ಸಿನಲ್ಲೇ ನಮಸ್ಕಾರ ಹೇಳಿದ್ದೇನೆ. ನಮ್ಮ 'ಕೆಜಿಎಫ್' 2018ರಲ್ಲಿ ಸಾಹಸ ಮತ್ತು ಸ್ಪೆಷಲ್ ಎಫೆಕ್ಟ್ಸ್‌ಗೆ ರಾಷ್ಟ್ರಪ್ರಶಸ್ತಿ ಪಡೆಯಿತು. ಆ ಗಣಿಯ ಕಪ್ಪು ಲೋಕವನ್ನು ಮಣ್ಣಿನ ಮೇಲೆ ನಿಲ್ಲಿಸಿದ ಕಲಾ ವಿಭಾಗಕ್ಕೆ ಅಲ್ಲ.

ಈಗ ನಮ್ಮ ಕಲ್ಯಾಣಕ್ಕೆ ಬರೋಣ. ನಮ್ಮ ನೆಲದ ಕಥೆಯನ್ನು ಸಿನಿಮಾದವರು ಹಲವು ಸಲ ಹೇಳಿದ್ದಾರೆ. 1959ರ 'ಜಗಜ್ಯೋತಿ ಬಸವೇಶ್ವರ'ದಲ್ಲಿ ಹೊನ್ನಪ್ಪ ಭಾಗವತರ್ ಬಸವಣ್ಣ, ರಾಜಕುಮಾರ್ ಬಿಜ್ಜಳ. 1983ರಲ್ಲಿ 'ಕ್ರಾಂತಿಯೋಗಿ ಬಸವಣ್ಣ' ಬಂತು. ಆ ಮೊದಲ ಚಿತ್ರದ ಕಾಲಕ್ಕೆ ಕನ್ನಡ ಚಿತ್ರಗಳು ಬಹುತೇಕ ಮದ್ರಾಸಿನ ಸ್ಟುಡಿಯೊಗಳಲ್ಲೇ ತಯಾರಾಗುತ್ತಿದ್ದವು. ಅಲ್ಲಿ ಪ್ಲಾಸ್ಟರ್ ಮತ್ತು ಹಲಗೆಯಲ್ಲಿ ಎದ್ದ ಊರುಗಳಿಗೆ ನಮ್ಮ ಸೀಮೆಯ ಬಿಸಿಲು ತಾಗಿದ್ದೇ ಇಲ್ಲ. 2016ರ ಪ್ರಶಸ್ತಿಗಳಲ್ಲಿ ನಾಗಾಭರಣ ಅವರ 'ಅಲ್ಲಮ' ಚಿತ್ರಕ್ಕೆ ಎರಡು ರಾಷ್ಟ್ರಪ್ರಶಸ್ತಿ ಬಂದವು, ಬಾಪು ಪದ್ಮನಾಭ ಅವರ ಸಂಗೀತಕ್ಕೆ ಒಂದು, ಪ್ರಸಾಧನಕ್ಕೆ ಒಂದು. ಆ ವರ್ಷ ನಿರ್ಮಾಣ ವಿನ್ಯಾಸದ ಪ್ರಶಸ್ತಿ ಕಾಲಯಂತ್ರದ ಕಥೆಯುಳ್ಳ '24' ಎಂಬ ತಮಿಳು ಚಿತ್ರಕ್ಕೆ ಹೋಯಿತು. ಅಲ್ಲಮಪ್ರಭುಗಳ ಮುಖಕ್ಕೆ ಮನ್ನಣೆ ಸಿಕ್ಕಿತು, ಅವರು ನಡೆದಾಡಿದ ಓಣಿಗೆ ಸಿಗಲಿಲ್ಲ.

ಇದರಲ್ಲಿ ಬರೀ ಪ್ರಶಸ್ತಿಯ ಪ್ರಶ್ನೆ ಇಲ್ಲ. ಕನ್ನಡ ಸಿನಿಮಾದಲ್ಲಿ 'ಹಳ್ಳಿ' ಎಂದರೆ ಹೆಂಚಿನ ಮನೆ, ಅಡಿಕೆ ತೋಟ, ಹಸಿರು ಗದ್ದೆ. ಮಾಳಿಗೆ ಮನೆ, ತೊಗರಿ ಹೊಲ, ಜೋಳದ ಬಣವೆ, ಬೆಳಕಿಂಡಿಯಿಂದ ಅಡುಗೆ ಮನೆಗೆ ಇಳಿಯುವ ಬಿಸಿಲು ಎಷ್ಟು ಚಿತ್ರಗಳಲ್ಲಿ ಕಂಡಿದ್ದೀರಿ? ಬೆಂಗಳೂರಿನಲ್ಲಿ ಒಬ್ಬ ಸಹೋದ್ಯೋಗಿಗೆ ನಮ್ಮ ಮನೆಯ ಫೋಟೊ ತೋರಿಸಿದಾಗ, "ಇದು ರಾಜಸ್ಥಾನನಾ?" ಎಂದು ಕೇಳಿದ. ಅವನು ಕನ್ನಡದವನೇ, ಅವನ ತಪ್ಪೂ ಅಲ್ಲ.

ನಮ್ಮೂರಿಗೆ ಇದು ಇನ್ನೂ ಹತ್ತಿರದ ಮಾತು. 1948ರ ಮೇ ತಿಂಗಳಲ್ಲಿ ರಜಾಕಾರರ ದಾಳಿಗೆ ಗೋರ್ಟಾ ಎಷ್ಟು ಜೀವ ಕಳೆದುಕೊಂಡಿತು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. 2023ರಲ್ಲಿ ಹುತಾತ್ಮರ ಸ್ಮಾರಕವೂ ಉದ್ಘಾಟನೆ ಆಯಿತು. ನಮ್ಮ ಆಯಿ ಆ ದಿನಗಳ ಮಾತು ತೆಗೆದಾಗ ಯಾವತ್ತೂ ಇಸವಿ ಹೇಳುತ್ತಿರಲಿಲ್ಲ. "ಆ ಗ್ವಾಡಿ ಹಿಂದ, ಈ ಬಾಗಲದಾಗ, ಆ ಮಾಳಗಿ ಮ್ಯಾಲ" ಎಂದು ಕೈ ತೋರಿಸುತ್ತಿದ್ದಳು. ಅವಳ ಇತಿಹಾಸ ಪೂರ್ತಿ ಗೋಡೆ ಬಾಗಿಲುಗಳಲ್ಲಿ ಇತ್ತು. ಅವಳು ಹೋದಳು. ಅವಳು ತೋರಿಸಿದ ಗೋಡೆಗಳಲ್ಲಿ ಹಲವು ಬಿದ್ದು ಅಲ್ಲಿ ಆರ್‌ಸಿಸಿ ಮನೆಗಳು ಎದ್ದಿವೆ. ಮಳೆಗಾಲದಲ್ಲಿ ಸೋರುವ ಮಾಳಿಗೆಯ ಕೆಳಗೆ ಇರಿ ಎಂದು ಯಾರಿಗೂ ಹೇಳುವ ಹಕ್ಕು ನನಗಿಲ್ಲ, ನಮ್ಮ ಮನೆಯನ್ನೂ ಕೆಡವಿ ಕಟ್ಟಿಸಿದ್ದೇವೆ. ಆದರೆ ನಾಳೆ ಯಾರಾದರೂ ಗೋರ್ಟಾದ ಕಥೆ ಸಿನಿಮಾ ಮಾಡಲು ಬಂದರೆ ಅವರ ಕಲಾ ನಿರ್ದೇಶಕ ಯಾವ ಬಾಗಿಲು ಬರೆಯಬೇಕು? ಅವನ ಕೈಗೆ ಕೊಡಲು ನಮ್ಮ ಹತ್ತಿರ ಒಂದು ಅಳತೆ, ಒಂದು ನಕ್ಷೆ ಇಲ್ಲ.

ಕಳೆದ ದೀಪಾವಳಿಗೆ ಊರಿಗೆ ಬಂದಾಗ ಒಂದು ಟೇಪು ತಂದಿದ್ದೆ. ಉಳಿದ ವಾಡೆಗಳಲ್ಲಿ ಎರಡನ್ನು ಅಳೆದು, ಬಾಗಿಲು, ಗೂಡು, ತೊಲೆಗಳ ಫೋಟೊ ತೆಗೆದೆ. ಶಾಲೆಯ ನಾಲ್ಕು ಹುಡುಗರು ಟೇಪಿನ ಇನ್ನೊಂದು ತುದಿ ಹಿಡಿದರು. ಬರೆದದ್ದನ್ನೆಲ್ಲ ಶಾಲೆಯ ಗ್ರಂಥಾಲಯಕ್ಕೆ ಕೊಡುತ್ತೇನೆ. ಇನ್ನೂ ಬಹಳ ಮನೆಗಳು ಬಾಕಿ ಇವೆ, ಹಳೆಯ ಫೋಟೊ ಇದ್ದವರು ಗುರುಗಳ ಹತ್ತಿರ ಕೊಟ್ಟರೆ ಪ್ರತಿ ಮಾಡಿಸಿ ವಾಪಸು ಕೊಡುತ್ತೇವೆ. ನಮ್ಮ ಹುಮನಾಬಾದ್ ಕಡೆಯ ಜಲಸಂಗ್ವಿ ಗುಡಿಯಲ್ಲಿ ಶಾಸನ ಬರೆಯುತ್ತ ನಿಂತ ಶಿಲಾಬಾಲಿಕೆಯನ್ನು ಪ್ರವಾಸದಲ್ಲಿ ನೋಡಿದ್ದೀರಲ್ಲ, ಅವಳು ಬರೆಯುತ್ತಿರುವುದು ಚಾಲುಕ್ಯ ವಿಕ್ರಮಾದಿತ್ಯನ ಹೆಸರು. ನಾನು ಬಹುಮಾನದ ಪಟ್ಟಿ ಬರೆದದ್ದೂ ಹೆಚ್ಚುಕಡಿಮೆ ಹಾಗೇ.

ಆ ಗೆಳೆಯ ಈಗ ಬಸವಕಲ್ಯಾಣದಲ್ಲಿ ಬೋರ್ಡ್ ಬರೆಯುತ್ತಾನೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆ, ಆದರೆ ಗುಡಿಗಳ ಗೋಡೆ, ಟ್ರ್ಯಾಕ್ಟರಿನ ಹಿಂಬದಿ ಇನ್ನೂ ಸಿಗುತ್ತವೆ. ಈ ಲೇಖನದಲ್ಲಿ ಹೆಸರು ಹಾಕಲಾ ಎಂದು ಕೇಳಿದರೆ ಕೈ ಮುಗಿದು ಬೇಡ ಎಂದ, ಅವನ ಮಾತಿಗೆ ಬಿಟ್ಟಿದ್ದೇನೆ. ಅಳತೆಯ ಹಾಳೆ ತೋರಿಸಿದೆ. ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಪೆನ್ನು ಕಸಿದುಕೊಂಡು, "ಏ, ಈ ಗೂಡು ಇಲ್ಲಿ ಇರಲಿಲ್ಲಪಾ, ಬಾಗಲದ ಎಡಕ್ಕ ಇತ್ತು. ನಾ ಪರದಿ ಮ್ಯಾಲ ಬರದಿದ್ದು ನೆಪ್ಪಿಲ್ಲೇನು?" ಎಂದು ಹಾಳೆಯ ಮೇಲೆ ಗೆರೆ ಹೊಡೆದ. ಮರುದಿನ ಹೋಗಿ ನೋಡಿದೆ. ಬಲಗಡೆಯ ಗೂಡು ಆಮೇಲೆ ಕೊರೆದದ್ದು. ಎಡಗಡೆ ಗಿಲಾವಿನ ಕೆಳಗೆ, ಮುಚ್ಚಿದ ಹಳೆಯ ಗೂಡಿನ ಅಂಚು ಕೈಗೆ ಸಿಕ್ಕಿತು.